ಟರ್ಬೊ ಕಾರು ಆಯಿಲ್ ಕುಡಿದರೆ ಗಾಬರಿ ಬೇಕೇ?

ಡೋಣಿಗೆ ಹೋದಾಗ ಅಪ್ಪ ಕೇಳಿದ್ರು: "ಟ್ರ್ಯಾಕ್ಟರಿಂದು ನಾ ದಿನಾ ನೋಡ್ತೀನಿ. ನೀ ಕಾರಿನ ಆಯಿಲ್ ಯಾವಾಗ ನೋಡಿದ್ದಿಪಾ?" ಕಡ್ಡಿ ಎಳೆದೆ. ಆಯಿಲ್ ಕೆಳಗಿನ ಗೆರೆಗೆ ಇಳಿದಿತ್ತು. ಎಚ್ಚರಿಕೆ ದೀಪ ಹತ್ತಿರಲೇ ಇಲ್ಲ.

ಟರ್ಬೊ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ಅದರ ಬೇರಿಂಗ್‌ಗೆ ಎಂಜಿನ್ ಆಯಿಲ್ಲೇ ಆಸರೆ. ಸ್ವಲ್ಪ ಸುಡೋದು ಸಹಜ. ಕೆಲವು ಕಂಪನಿಗಳ ಕೈಪಿಡಿ 1000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಒಪ್ಪುತ್ತದೆ. ಆದರೆ ಅದು ಗರಿಷ್ಠ ಮಿತಿ. ಬಳಕೆ ಏರುತ್ತಲೇ ಹೋದರೆ, ನೀಲಿ ಹೊಗೆ ಬಂದರೆ ಮೆಕ್ಯಾನಿಕ್‌ಗೆ ತೋರಿಸಿ.

1000 ಕಿ.ಮೀ.ಗೊಮ್ಮೆ ಸಮತಟ್ಟು ಜಾಗದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ. ಎಷ್ಟು ಹಾಕಿದಿರಿ ಅಂತ ಫೋನಲ್ಲಿ ಬರೆದಿಡಿ. ಕೆಂಪು ದೀಪ ಹೇಳೋದು ಆಯಿಲ್‌ನ ಒತ್ತಡವನ್ನು, ಮಟ್ಟವನ್ನಲ್ಲ. ಅದು ಹತ್ತುವಷ್ಟರಲ್ಲಿ ಎಂಜಿನ್‌ಗೆ ಪೆಟ್ಟು ಬಿದ್ದಿರಬಹುದು.