ಬೇಹುಗಾರನ ಚಿತ್ರದಲ್ಲಿ ಉಳಿದ ನೆಲ!

ಶತ್ರುವಿನ ಕ್ಷಿಪಣಿ ಎಲ್ಲಿದೆ ಎಂದು ನೋಡಲು ತೆಗೆದ ಚಿತ್ರಗಳು ಇಂದು ಹಳೇ ಊರು, ಕೋಟೆ, ಬಂಡಿದಾರಿ ಹುಡುಕಲು ಬಳಕೆಯಾಗುತ್ತಿವೆ. ಅಣೆಕಟ್ಟಿನಡಿ ಮುಳುಗಿದ, ಟ್ರ್ಯಾಕ್ಟರ್ ಉತ್ತು ಅಳಿಸಿದ ನೆಲಗಳೂ ಇವುಗಳಲ್ಲಿ ಹಾಗೇ ಇವೆ.

ಉಪಗ್ರಹದ ಹೆಸರು ಕರೋನಾ. ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ ಬಿಡಿ! ಶೀತಲ ಸಮರದ ಕಾಲದಲ್ಲಿ, 1960ರಿಂದ 1972ರವರೆಗೆ ಅಮೆರಿಕ ಗುಟ್ಟಾಗಿ ಹಾರಿಸಿದ ಉಪಗ್ರಹಗಳಿವು. ಆಗ ಡಿಜಿಟಲ್ ಕ್ಯಾಮೆರಾ ಎಲ್ಲಿತ್ತು? ರೀಲು ಮುಗಿದ ಮೇಲೆ ಡಬ್ಬಿಯನ್ನು ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಡುತ್ತಿದ್ದರು. ಪೆಸಿಫಿಕ್ ಸಾಗರದ ಮೇಲೆ ವಿಮಾನವೊಂದು ಅದನ್ನು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು. ಕೊನೆಕೊನೆಯ ಚಿತ್ರಗಳಲ್ಲಿ ಎರಡು ಮೀಟರಿನಷ್ಟು ಚಿಕ್ಕ ವಸ್ತುವೂ ಕಾಣುತ್ತದೆ. 1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ 8.60 ಲಕ್ಷಕ್ಕೂ ಹೆಚ್ಚು ಚಿತ್ರಗಳು ಬಹಿರಂಗಗೊಂಡವು.

ನೆಲದ ಮೇಲಿನ ಗೆರೆ

ಪುರಾತತ್ವ ತಜ್ಞರಿಗೆ ಇದು ನಿಧಿ ಸಿಕ್ಕಂತಾಯಿತು. ಸಿರಿಯಾದ ಈಶಾನ್ಯ ಭಾಗದ ತೆಲ್ ಬ್ರಾಕ್ ಎಂಬ ಹಳೇ ದಿಬ್ಬದ ಸುತ್ತ ಕಪ್ಪು ಗೆರೆಗಳು ಕಂಡವು. ನಾಲ್ಕು ಸಾವಿರ ವರ್ಷಗಳ ಹಿಂದೆ ಜನ, ದನಕುರಿ ಓಡಾಡಿ ತಗ್ಗಾದ ದಾರಿಗಳವು. ತಗ್ಗಿನಲ್ಲಿ ತೇವ ನಿಲ್ಲುವುದರಿಂದ ಮೇಲಿನಿಂದ ನೋಡಿದರೆ ಕಪ್ಪಾಗಿ ಕಾಣುತ್ತದೆ. ನೆಲದ ಮೇಲೆ ನಿಂತವನಿಗೆ ಗೊತ್ತೇ ಆಗೋದಿಲ್ಲ. ನೀರಾವರಿ, ಆಳ ಉಳುಮೆ ಬಂದ ಮೇಲೆ ಅವುಗಳಲ್ಲಿ ಎಷ್ಟೋ ಅಳಿಸಿಹೋದವು. ತುರ್ಕಿಯ ಸಮ್ಸಾತ್ ಎಂಬ ಪುರಾತನ ಪಟ್ಟಣವಂತೂ ಅತಾತುರ್ಕ್ ಅಣೆಕಟ್ಟಿನ ನೀರಲ್ಲಿ ಮುಳುಗಿತು. ಅದರ ದಿಬ್ಬ, ಸುತ್ತಲಿನ ಹೊಲ ಕರೋನಾ ಚಿತ್ರದಲ್ಲಿ ಮಾತ್ರ ಒಣಗಿ ನಿಂತಿವೆ.

ಗಡಿ ಎಂದರೆ ಗೋಡೆಯೇ?

ಗಡಿಯಲ್ಲಿ ಬದುಕುವ ನಮಗೆ ಕುತೂಹಲದ ಸಂಗತಿ ಬೇರೊಂದಿದೆ. ಪ್ವಾದಬಾರ್ ಎಂಬ ಫ್ರೆಂಚ್ ಪಾದ್ರಿ ವಿಮಾನದಲ್ಲಿ ಹಾರಾಡಿ ಸಿರಿಯಾ ಮರುಭೂಮಿಯಲ್ಲಿ 116 ರೋಮನ್ ಕೋಟೆಗಳನ್ನು ಗುರುತಿಸಿದ್ದರು. 1934ರಲ್ಲಿ ಪುಸ್ತಕವನ್ನೂ ತಂದರು. ಕೋಟೆಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿವೆ, ಪೂರ್ವದ ಶತ್ರುವನ್ನು ತಡೆಯುವ ಗಡಿಸಾಲು ಅದು ಎಂಬುದು ಅವರ ವಾದ. 2023ರಲ್ಲಿ ಡಾರ್ಟ್‌ಮತ್ ಕಾಲೇಜಿನ ಜೆಸ್ಸಿ ಕಸಾನಾ ತಂಡ ಕರೋನಾ ಮತ್ತು ನಂತರದ ಹೆಕ್ಸಾಗನ್ ಚಿತ್ರಗಳನ್ನು ಹುಡುಕಿ, ಹಿಂದೆ ದಾಖಲಾಗದ 396 ಕೋಟೆಗಳನ್ನು ಪಟ್ಟಿ ಮಾಡಿತು. ಅವು ಪೂರ್ವ–ಪಶ್ಚಿಮವಾಗಿ ಹರಡಿದ್ದವು. ಅಂದರೆ ತಡೆಗೋಡೆಗಿಂತ ಹೆಚ್ಚಾಗಿ ವ್ಯಾಪಾರಿಗಳು, ಪಯಣಿಗರು ಸುರಕ್ಷಿತವಾಗಿ ದಾಟಲು ನೆರವಾದ ಠಾಣೆಗಳಿರಬೇಕು ಎಂಬುದು ತಂಡದ ಅಭಿಪ್ರಾಯ. ಗಡಿ ಜನರನ್ನು ಬೇರ್ಪಡಿಸುವುದಷ್ಟೇ ಅಲ್ಲ, ಓಡಾಟಕ್ಕೂ ದಾರಿ ಕೊಡುತ್ತದೆ. ಸೊಲ್ಲಾಪುರದ ಸಂತೆಗೆ ಹೋಗಿಬರುವವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ನಮ್ಮ ನದಿಗಳ ಕಥೆ

ನಮ್ಮ ಕಡೆಗೂ ಈ ಮಾತು ಸಲ್ಲುತ್ತದೆ. ಕೃಷ್ಣಾ–ತುಂಗಭದ್ರಾ ಸಂಗಮದ ಕೂಡವೆಲ್ಲಿಯ ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿಯನ್ನು ಶ್ರೀಶೈಲ ಜಲಾಶಯದ ಮುಳುಗಡೆಯಿಂದ ಉಳಿಸಲು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಕಟ್ಟಿದರು. ಗುಡಿಯೇನೋ ಉಳಿಯಿತು. ಅದರ ಸುತ್ತಲಿನ ದಾರಿ, ಹೊಲ, ಹಳೇ ಊರಿನ ಗುರುತು? ಅವನ್ನು ಹೊತ್ತು ತರಲು ಆಗುವುದಿಲ್ಲವಲ್ಲ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲೂ ಅಷ್ಟೇ. ಭೀಮೆಯ ಹಿನ್ನೀರು ಇಳಿದಾಗ ಪಳಸದೇವದ ಹಳೇ ಗುಡಿ ತಲೆಯೆತ್ತುತ್ತದೆ. ಕರೋನಾ ಹಾರಾಟ ನಿಂತ 1972ರಲ್ಲಿ ಈ ಎರಡೂ ಜಲಾಶಯಗಳು ಇನ್ನೂ ತುಂಬಿರಲಿಲ್ಲ.

ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಜಾಲತಾಣದಲ್ಲಿ ಊರಿನ ಜಾಗ ಗುರುತಿಸಿ ಚಿತ್ರ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಈಗಾಗಲೇ ಸ್ಕ್ಯಾನ್ ಆಗಿರುವುದು ಉಚಿತ, ಉಳಿದದ್ದಕ್ಕೆ ಶುಲ್ಕವುಂಟು. ಆದರೆ ಮಳೆಗಾಲದ ಚಿತ್ರದಲ್ಲಿ ಬರೀ ಮೋಡ ಕಾಣಬಹುದು. ಶಾಸನ, ವೀರಗಲ್ಲು ಅಷ್ಟು ಎತ್ತರದಿಂದ ಕಾಣುವುದಿಲ್ಲ. ಚಿತ್ರದಲ್ಲಿ ಕಂಡ ಗೆರೆ ದಾರಿಯೋ, ಕಾಲುವೆಯೋ, ಬರೀ ಹೊಲದ ಬದುವೋ ಎಂದು ನೆಲಕ್ಕೆ ಹೋಗಿಯೇ ತಿಳಿಯಬೇಕು.

ಇಲ್ಲಿ ಮನೆಯ ಹಿರಿಯರು ಬೇಕಾಗುತ್ತಾರೆ. ಹಳೇ ಬಂಡಿದಾರಿ ಎಲ್ಲಿತ್ತು, ಹಾಳೂರು ಯಾವುದು, ಯಾವ ದಿಬ್ಬವನ್ನು ಅಗೆದು ಸಮ ಮಾಡಿದರು ಎಂಬುದು ಅವರಿಗೆ ಗೊತ್ತು. ಚಿತ್ರ ಕಡತದಲ್ಲಿ ಇನ್ನೂ ಐವತ್ತು ವರ್ಷ ಇದ್ದೀತು. ಆ ನೆನಪು ಅಷ್ಟು ದಿನ ಇರುವುದಿಲ್ಲ. ಈ ರಜೆಯಲ್ಲೇ ಮಕ್ಕಳನ್ನು ಅಜ್ಜನ ಪಕ್ಕ ಕೂರಿಸಿ, ಚಿತ್ರ ತೋರಿಸಿ ಕೇಳಿಸಿ, ಹೇಳಿದ್ದನ್ನು ಬರೆದಿಡಿ.