ಲಕ್ಕಿ ಸೊಪ್ಪು ಸರಿ, ಎಕ್ಕದ ಹಾಲು ಜೋಕೆ

1600 ಮೀಟರ್, 6 ನಿಮಿಷ 30 ಸೆಕೆಂಡ್. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುವ ಹುಡುಗರಿಗೆ ಈ ಲೆಕ್ಕ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಬೆಳಗಿನ ಜಾವ ನಮ್ಮ ಜೊತೆ ಓಡುವವರಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಂದು ರೂಮು ಮಾಡಿಕೊಂಡವರೂ ಇದ್ದಾರೆ. ಜಿಮ್ಮು, ಫಿಸಿಯೋಥೆರಪಿಗೆಲ್ಲ ದುಡ್ಡಿಲ್ಲ. ಹಾಗಾಗಿ ಕಾಲು ಹಿಡಿದುಕೊಂಡರೆ ಊರಿನ ಔಷಧಿಯೇ ಗತಿ. ಹಿರಿಯೂರಿನವನು ಲಕ್ಕಿ ಸೊಪ್ಪಿನ ಶಾಖ ಕೊಡು ಅನ್ನುತ್ತಾನೆ. ಹೊಸದುರ್ಗದವನು ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಟ್ಟು ಅನ್ನುತ್ತಾನೆ. ಹೊಳಲ್ಕೆರೆಯವನದು ಕೊಬ್ಬರಿ ಎಣ್ಣೆಗೆ ಕರ್ಪೂರ.

ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದು ಗ್ರೌಂಡಿನಲ್ಲಿ ಎಲ್ಲರೂ ಹೇಳುತ್ತಾರೆ. ಅದು ಓಟ ನಿಂತ ಒಂದೆರಡು ಗಂಟೆಯಲ್ಲೇ ಇಳಿದುಹೋಗಿರುತ್ತದೆ. ಮರುದಿನ ಬಸ್ಸಿನ ಮೆಟ್ಟಿಲು ಇಳಿಯಲಾಗದಂತೆ ಮಾಡುವ ನೋವು, ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಬಿದ್ದ ಸಣ್ಣ ಸಣ್ಣ ಪೆಟ್ಟಿನದು. ಅದು 24ರಿಂದ 72 ಗಂಟೆಯೊಳಗೆ ಜೋರಾಗಿ, ಐದಾರು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಆದ್ದರಿಂದ ಯಾವ ಸೊಪ್ಪು ಕಟ್ಟಿದರೂ ಆರನೇ ದಿನ 'ವಾಸಿಯಾಯ್ತು ನೋಡು' ಎನ್ನಬಹುದು! ಹಾಗಂತ ಸೊಪ್ಪೆಲ್ಲ ಸುಳ್ಳು ಅನ್ನಲಾರೆ. ಬಿಸಿ ಶಾಖಕ್ಕೆ ಬಿಗಿದ ಮೀನಖಂಡ ಸಡಿಲವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ದಿನಾ ಓಡುವವನಿಗೆ ಅದೇನು ಕಡಿಮೆಯೇ?

ಲಕ್ಕಿಯನ್ನೇ ಆಯುರ್ವೇದದಲ್ಲಿ ನಿರ್ಗುಂಡಿ ಅನ್ನುತ್ತಾರೆ. ಹಳ್ಳದ ದಂಡೆಯಲ್ಲಿ, ಬೇಲಿಸಾಲಿನಲ್ಲಿ ಬೆಳೆಯುವ, ಬಾಣಂತಿಯರ ಸ್ನಾನದ ನೀರಿಗೆ ಹಾಕುವ ಸೊಪ್ಪು. ಎರಡು ಹಿಡಿ ಎಲೆ ತೊಳೆದು ಹತ್ತು ನಿಮಿಷ ಕುದಿಸಿ, ಮುಂಗೈ ತಾಳುವಷ್ಟು ಆರಿದ ಮೇಲೆ ಟವೆಲ್ ಅದ್ದಿ ಹಿಂಡಿ, ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ಮೊದಲ ಸಲವಾದರೆ ಆ ನೀರನ್ನು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ, ಕೆಂಪು ಬಂದರೆ ಆ ಸೊಪ್ಪು ನಿಮಗಲ್ಲ. ತರಚಿದ ಜಾಗಕ್ಕೆ, ಆಗತಾನೇ ಉಳುಕಿ ಊದಿಕೊಂಡ ಜಾಗಕ್ಕೆ ಶಾಖ ಬೇಡ.

ಎಕ್ಕದ ಕಥೆ ಬೇರೆ. ಪರಿಚಯದ ಹುಡುಗನೊಬ್ಬ ಯಾವುದೋ ವಿಡಿಯೊ ನೋಡಿ ಹಸಿ ಎಲೆಯನ್ನೇ ತೊಡೆಗೆ ಬಿಗಿಯಾಗಿ ಕಟ್ಟಿ ಮಲಗಿದ. ಬೆಳಿಗ್ಗೆ ನೀರುಗುಳ್ಳೆ. ಎಂಟು ದಿನ ಚಡ್ಡಿ ತಾಗಿದರೂ ಉರಿ, ಓಟ ಬಂದ್. ಅವನ ಅಜ್ಜಿ ಫೋನಿನಲ್ಲಿ ಬೈದರಂತೆ: 'ಹಸೀದೇ ಕಟ್ದೇನೋ? ಹಾಲು ಸೋರಿಸಿ, ಹೆಂಚಿನ ಮೇಲೆ ಬಾಡಿಸಿ, ಬಟ್ಟೆ ಮೇಲೆ ಕಟ್ಟಬೇಕು ಕಣೋ.' ಅಜ್ಜಿಗೆ ಗೊತ್ತಿದ್ದ ಈ ಮಾತು ವಿಡಿಯೊದಲ್ಲಿ ಇರಲಿಲ್ಲ. ಔಷಧ ನಿಯಮಗಳ ವಿಷಪದಾರ್ಥಗಳ ಪಟ್ಟಿಯಲ್ಲಿ ದತ್ತೂರಿಯ ಜೊತೆ ಎಕ್ಕದ ಹೆಸರೂ ಇದೆ. ಅದರ ಹಾಲು ಕಣ್ಣಿಗೆ ತಾಗಿದರೆ ಹೆಚ್ಚು ನೋವಿಲ್ಲದೆಯೇ ದೃಷ್ಟಿ ಮಂಜಾಗಬಹುದು, ಕಾರಣ ಕಣ್ಣಿನ ಪಾರದರ್ಶಕ ಪೊರೆ ಊದಿಕೊಳ್ಳುತ್ತದೆ. ಎಲೆ ಕಿತ್ತ ಕೈಯಲ್ಲಿ ಕಣ್ಣು ಉಜ್ಜಬೇಡಿ. ತಾಗಿದರೆ ನೀರಲ್ಲಿ ಚೆನ್ನಾಗಿ ತೊಳೆದು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಲಕ್ಕಿ ಸಿಗುವ ಊರಲ್ಲಿ ಎಕ್ಕದ ಉಸಾಬರಿ ಯಾಕೆ ಎನ್ನುವುದು ನನ್ನ ವಾದ. ಹೊಸದುರ್ಗದವನು ಒಪ್ಪಿಲ್ಲ.

ಅಂಗಡಿಯ ಮುಲಾಮೂ ಸಾಧುವಲ್ಲ. ಡಬ್ಬಿಯ ಮೇಲೆ ಗಂಧಪುರ ತೈಲ ಎಂದಿದ್ದರೆ ಅದರಲ್ಲಿರುವುದು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ನಿನ ದಾಯಾದಿ. ಈ ಎಣ್ಣೆ ಒಂದು ಚಮಚ, ಅಂದರೆ 5 ಮಿಲಿಲೀಟರ್, ಹೊಟ್ಟೆಗೆ ಹೋದರೆ ಸುಮಾರು 7 ಗ್ರಾಂ ಆಸ್ಪಿರಿನ್ ನುಂಗಿದ ಹಾಗೆ. ಚರ್ಮದಿಂದಲೂ ಅದು ಒಳಗೆ ಇಳಿಯುತ್ತದೆ. 2007ರಲ್ಲಿ ನ್ಯೂಯಾರ್ಕ್‌ನಲ್ಲಿ 17 ವರ್ಷದ ಓಟಗಾರ್ತಿಯೊಬ್ಬಳು ನೋವಿನ ಮುಲಾಮುಗಳನ್ನು ಅತಿಯಾಗಿ ಬಳಸಿ, ಇದೇ ರಾಸಾಯನಿಕ ಮೈಯಲ್ಲಿ ವಿಷವಾಗಿ ತೀರಿಕೊಂಡಳು. ಮುಲಾಮು ಹಚ್ಚಿದ ಜಾಗಕ್ಕೆ ಬಿಸಿ ಶಾಖ ಕೊಡುವುದು, ಪ್ಲಾಸ್ಟಿಕ್ ಸುತ್ತುವುದು ಬೇಡ. ಕರ್ಪೂರದೆಣ್ಣೆಯ ಸೀಸೆ ಮನೆಯ ಪುಟ್ಟ ಮಕ್ಕಳ ಕೈಗೆ ಸಿಗದಿರಲಿ, ಸ್ವಲ್ಪ ಕುಡಿದರೂ ಫಿಟ್ಸ್ ಬರಬಹುದು. ಇನ್ನು, ವಿಪರೀತ ಓಡಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸೊಪ್ಪು ಹುಡುಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ಕರಗಿ ಕಿಡ್ನಿಗೆ ಹೊಡೆತ ಬೀಳುವ ಲಕ್ಷಣ ಅದು.

ಹೊಳಲ್ಕೆರೆಯ ಗೆಳೆಯನ ನೋವು ಸ್ನಾಯುವಿನದಾಗಿರಲಿಲ್ಲ. ಮೊಣಕಾಲ ಕೆಳಗೆ, ಮುಂದಿನ ಎಲುಬಿನ ಮೇಲೆ ಒಂದು ಬೆರಳು ಇಡುವಷ್ಟೇ ಜಾಗ. ಲಿಖಿತ ಪರೀಕ್ಷೆ ಪಾಸಾಗಿದ್ದ, ಓಟ ಬಿಡುವ ಹಾಗಿರಲಿಲ್ಲ. ಮೂರು ವಾರ ಕರ್ಪೂರದೆಣ್ಣೆ ತಿಕ್ಕಿಕೊಂಡೇ ಓಡಿದ. ಸ್ನಾಯು ನೋವಾದರೆ ವಾರದಲ್ಲಿ ಇಳಿಯಬೇಕಿತ್ತು, ಇದು ಏರುತ್ತಲೇ ಹೋಯಿತು. ಕೊನೆಗೆ ಮೂಳೆ ಡಾಕ್ಟರಿಗೆ ತೋರಿಸಿದಾಗ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಆರು ವಾರ ಓಡಬೇಡ ಅಂದರು. ದೈಹಿಕ ಪರೀಕ್ಷೆಗೆ ಉಳಿದಿದ್ದದ್ದು ನಾಲ್ಕು ವಾರ. ಈಗ ಮುಂದಿನ ನೋಟಿಫಿಕೇಷನ್‌ಗೆ ಕಾಯುತ್ತಿದ್ದಾನೆ.