ಹಳೆಯ ಡೀಸೆಲ್ ಯಂತ್ರದ ಮಂದಗತಿ: ದೋಷನಿದಾನ

ಗಾಡಿಯು ನಿಂತಿರುವಾಗ, ಭಾರವನ್ನೆಳೆಯದೆ ಯಂತ್ರವು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿರುವ ಅವಸ್ಥೆಯನ್ನು ಇಲ್ಲಿ ಮಂದಗತಿಯೆಂದು ಕರೆದಿದೆ. ಮೆಕ್ಯಾನಿಕ್ಕರು ಇದನ್ನು 'ಐಡ್ಲಿಂಗ್' ಎನ್ನುವರು; ರೂಢಿಗೆ ಬಂದ ಆ ಮಾತನ್ನು ಬಿಡಿಸಬೇಕೆಂಬ ಆಗ್ರಹ ನಮಗಿಲ್ಲ. ಓಟದಲ್ಲಿ ನಿರ್ದುಷ್ಟವಾಗಿ ಕಾಣುವ ಯಂತ್ರವು ಮಂದಗತಿಯಲ್ಲಿ ಮಾತ್ರ ನಡುಗುವುದೇಕೆಂಬುದು ಪ್ರಕೃತ ವಿಚಾರ. ಉದಾಹರಣೆಗೆ ಮರ್ಸಿಡಿಸ್ ಬೆಂಜ್ ಸಂಸ್ಥೆಯ ಓಎಂ 616 ಎಂಬ, ನಾಲ್ಕು ಸಿಲಿಂಡರುಗಳ, 2.4 ಲೀಟರಿನ ಯಂತ್ರವನ್ನು ತೆಗೆದುಕೊಳ್ಳೋಣ. ಬಜಾಜ್ ಟೆಂಪೋ ಸಂಸ್ಥೆಯವರು ಪರವಾನಗಿ ಪಡೆದು ಇದನ್ನು ತಯಾರಿಸಿದುದರಿಂದ ಇದು ನಮ್ಮವರಿಗೂ ಪರಿಚಿತವಾದುದೇ.

ಈ ಯಂತ್ರವು ನಿಮಿಷಕ್ಕೆ 750 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ಸುಮಾರು ಆರು ಸಲ ದಹನವಾಗುವುದು. ಪ್ರತಿಸಲ ಬೀಳುವ ಎಣ್ಣೆ ಕೆಲವೇ ಘನ ಮಿಲಿಮೀಟರು. ಇಷ್ಟು ಅಲ್ಪದಲ್ಲಿ ಕೊಂಚ ಹೆಚ್ಚುಕಡಿಮೆಯಾದರೂ ನಾಲ್ಕರ ಸಮತೆ ಕೆಡುತ್ತದೆ. ವೇಗವೇರಿದಾಗ ಫ್ಲೈವೀಲಿನ ಜಡತ್ವವು ಈ ವ್ಯತ್ಯಾಸವನ್ನು ಮರೆಮಾಡುತ್ತದೆ.

ಮೊದಲು ಕಿವಿಗೊಟ್ಟು ಕೇಳಬೇಕು. ಗತಿಯು ಅಲೆಯಂತೆ ಮೆಲ್ಲಗೆ ಏರಿ ಇಳಿಯುತ್ತಿದ್ದರೆ ದೋಷವು ಎಲ್ಲ ಸಿಲಿಂಡರುಗಳಿಗೂ ಸಮಾನವಾದುದು: ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿದೆ, ಫಿಲ್ಟರು ಕಟ್ಟಿದೆ, ಇಲ್ಲವೆ ಹಳೆಯ ಮಾದರಿಗಳಲ್ಲಿ ಗವರ್ನರಿನ ಪೊರೆ ಹರಿದಿದೆ. ತಾಳ ತಪ್ಪದೆ ಒಂದೇ ಸಮನೆ ಒದೆಯುತ್ತಿದ್ದರೆ ಯಾವುದೋ ಒಂದು ಸಿಲಿಂಡರು ಕೆಲಸಮಾಡುತ್ತಿಲ್ಲ. ತಣ್ಣಗಿರುವಾಗ ಮಾತ್ರ ಬಿಳಿಯ ಹೊಗೆಯೊಡನೆ ನಡುಗಿ, ಒಂದೆರಡು ನಿಮಿಷದಲ್ಲಿ ಸರಿಹೋಗುವುದಾದರೆ ಗ್ಲೋ ಪ್ಲಗ್ಗುಗಳನ್ನು ಪರೀಕ್ಷಿಸತಕ್ಕದ್ದು.

ಕೆಲಸಮಾಡದ ಸಿಲಿಂಡರನ್ನು ಗುರುತಿಸಲು, ನಾಜಲ್ಲಿಗೆ ಹೋಗುವ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಬಿಗಿಯಬೇಕು. ಸರಿಯಾದುದನ್ನು ಸಡಿಲಿಸಿದರೆ ನಡುಕ ಹೆಚ್ಚುವುದು; ದೋಷವುಳ್ಳದ್ದನ್ನು ಸಡಿಲಿಸಿದರೆ ಏನೂ ಬದಲಾಗದು. ಆಗ ನಟ್ಟಿಗೆ ಬಟ್ಟೆ ಸುತ್ತಿರಬೇಕು, ಕೈಯನ್ನು ಚಿಮ್ಮುವ ಎಣ್ಣೆಗೆ ಅಡ್ಡವಿಡಲೇಬಾರದು. ವಾತಾವರಣದ ಒತ್ತಡದ ನೂರು ಪಾಲಿಗೂ ಮಿಕ್ಕ ಒತ್ತಡದ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗಬಲ್ಲದು.

ಇಲ್ಲಿಯವರೆಗೆ ಬಂದವರಲ್ಲಿ ಅನೇಕರು ಕೂಡಲೆ ಪಂಪಿನ ಮೇಲೆ ಕೈಹಾಕುವರು. ಅದಕ್ಕೆ ಮುಂಚೆ ಟ್ಯಾಪೆಟ್ಟುಗಳನ್ನು ನೋಡುವುದು ಯುಕ್ತ. ತಣ್ಣಗಿರುವಾಗ ಒಳಗಾಳಿಯ ವಾಲ್ವಿಗೆ 0.10, ಹೊರಹೊಗೆಯ ವಾಲ್ವಿಗೆ 0.30 ಮಿಲಿಮೀಟರು ಎಡೆಯಿರಬೇಕು. ವಾಲ್ವು ಕೂರುವ ಪೀಠವು ಸವೆದಂತೆಲ್ಲ ವಾಲ್ವು ಮೇಲಕ್ಕೆ ಸರಿದು ಈ ಎಡೆ ಕಿರಿದಾಗುತ್ತದೆ. ಕೊನೆಗೆ ವಾಲ್ವು ಪೂರ್ಣವಾಗಿ ಮುಚ್ಚದೆ, ಒಳಗಿನ ಗಾಳಿ ಸೋರಿ, ಎಣ್ಣೆ ಹೊತ್ತಿಕೊಳ್ಳುವಷ್ಟು ಕಾವು ಹುಟ್ಟದು. ಎಡೆ ಕಿರಿದಾದಷ್ಟೂ ಟ್ಯಾಪೆಟ್ಟಿನ ಸದ್ದು ಕಡಮೆಯಾಗುವುದೇ ಇಲ್ಲಿಯ ಮೋಸ: ಯಂತ್ರ ಈಗ ಮೆತ್ತಗಾಯಿತೆಂದು ಯಜಮಾನನು ಹಿಗ್ಗುತ್ತಿರುವಾಗ ವಾಲ್ವು ಸುಡುತ್ತಿರುತ್ತದೆ. ಒಂದು ಫೀಲರ್ ಗೇಜೂ ಕೆಲವು ಗಂಟೆಗಳ ತಾಳ್ಮೆಯೂ ಇದ್ದರೆ ಈ ಪರೀಕ್ಷೆ ಮುಗಿಯುವುದು.

ಎಡೆ ಸರಿಯಿದ್ದೂ ಒದೆತ ನಿಲ್ಲದಿದ್ದರೆ, ಆ ಸಿಲಿಂಡರಿನ ನಾಜಲ್ಲನ್ನು ಹೊಸ ವಾಷರುಗಳೊಡನೆ ಪಕ್ಕದ ಸಿಲಿಂಡರಿಗೆ ಬದಲಾಯಿಸಬೇಕು. ದೋಷವೂ ಜೊತೆಯಲ್ಲಿ ಹೋದರೆ ನಾಜಲ್ಲೇ ಕೆಟ್ಟಿದೆ. ಹೋಗದಿದ್ದರೆ ಕಂಪ್ರೆಷನ್ನನ್ನು ಅಳೆಯಬೇಕು. ಅದೂ ನೆಟ್ಟಗಿದ್ದರೆ ಮಾತ್ರ ಪಂಪಿನ ಸರದಿ. ಅದರ ಒಂದೊಂದು ಬಾಯಿಂದಲೂ ಸಮನಾಗಿ ಎಣ್ಣೆ ಬರುವಂತೆ ಹೊಂದಿಸುವುದು ಪರೀಕ್ಷಾಪೀಠವಿರುವ ಕಡೆಯಲ್ಲಿ ಮಾತ್ರ ಸಾಧ್ಯ. ಗಾಡಿಯಲ್ಲಿಯೇ ಅದರ ಸ್ಕ್ರೂಗಳನ್ನು ತಿರುಗಿಸಿದವರು ಮೊದಲಿದ್ದ ಗುರುತನ್ನೂ ಕಳೆದುಕೊಳ್ಳುವರು.